ತಿರುವಿನಲ್ಲೇ ಕಿರುಚುವ ಬೆಲ್ಟು

ಗೋಥೆನ್‌ಬರ್ಗಿನ ಕಾರು ಕಾರ್ಖಾನೆಯಲ್ಲಿ ನನ್ನ ಕೆಲಸ ಇಷ್ಟೇ: ಇಂಜಿನ್ನಿನ ಬೆಲ್ಟು ಅದುರದ ಹಾಗೆ, ಕಿರುಚದ ಹಾಗೆ ನೋಡಿಕೊಳ್ಳುವುದು. ಆದರೆ ನನ್ನ ಗಂಡ ಯಾಲ್ಮಾರನ ಹಳೇ ಕಾರು ಮಾತ್ರ ಮನೆಯ ತಿರುವಿನಲ್ಲೇ ಕೀಂಯ್ ಎಂದು ಬೀದಿಗೆಲ್ಲ ಸಾರುತ್ತಿತ್ತು.

“ಊರವರ ಬೆಲ್ಟೆಲ್ಲ ಸರಿ ಮಾಡ್ತೀಯ, ನಂದೊಂದು ಬಿಟ್ಟು,” ಎಂದು ಅವನು ಚುಚ್ಚುತ್ತಿದ್ದ. ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆ ಸದ್ದು ಕೇಳಿದ ಮೇಲೇ ನಾನು ಕಾಫಿಗೆ ಇಟ್ಟು ಕಿಟಕಿಗೆ ಬಂದು ನಿಲ್ಲುತ್ತಿದ್ದುದು.

ಕಳೆದ ವಾರ ರೋಸಿಹೋಗಿ ಗ್ಯಾರೇಜಿನಲ್ಲಿ ಬೆಲ್ಟು ಬಿಗಿ ಮಾಡಿಸಿಕೊಂಡು ಬಂದ, ಹಾಳಾದವನು. ಅಂದಿನಿಂದ ಕಾರು ಬೆಕ್ಕಿನ ಹಾಗೆ ಬಂದು ನಿಲ್ಲುತ್ತದೆ. ಬೆನ್ನ ಹಿಂದೆ ತಟ್ಟನೆ ಅವನನ್ನು ಕಂಡು ನಾನು ದಿನಾ ಬೆಚ್ಚಿಬೀಳುತ್ತೇನೆ. ಕಾಫಿಯೂ ಆಗಿರುವುದಿಲ್ಲ.

ನಿನ್ನೆ ಭಾನುವಾರ ತಡೆಯಲಾಗದೆ ಸ್ಪ್ಯಾನರ್ ಹಿಡಿದು ಹೊರಗೆ ಹೋದೆ. ನೋಡಿದರೆ ಬಾನೆಟ್ ಆಗಲೇ ತೆರೆದಿತ್ತು. ಒಳಗೆ ತಲೆ ತೂರಿಸಿ ಇವನೇ ನಟ್ಟಿನ ಜೊತೆ ಗುದ್ದಾಡುತ್ತಿದ್ದ.

“ಮತ್ತೇನಾಯ್ತು ನಿನ್ ಕಾರಿಗೆ?” ಎಂದೆ.

“ಬರೋವಾಗ ಕಿಟಕೀಲಿ ನೀನಿರಲ್ಲ ಮಾರಾಯ್ತಿ,” ಎಂದ, ತಲೆ ಎತ್ತದೆ. “ಎಷ್ಟು ಸಡಿಲ ಮಾಡ್ಲಿ, ಹೇಳು.”

ಬೆಲ್ಟನ್ನು ಬೆರಳಿನಿಂದ ಮೀಟಿ ನೋಡಿದೆ. ಇನ್ನೂ ಬಿಗಿಯಾಗೇ ಮಿಡಿಯುತ್ತಿತ್ತು.

“ಇನ್ನೂ ಸ್ವಲ್ಪ ಬಿಡು,” ಎಂದೆ. “ತಿರುವಿನಲ್ಲೇ ಕೇಳಿಸ್ಬೇಕು ನಂಗೆ.”