ಉರ್ಸುಲಾ ಟೀಚರರ ತಲೆಹೊರೆ

ಉರ್ಸುಲಾ ಟೀಚರು ರಸ್ತೆಯಲ್ಲಿ ಹೊರೆ ಹೊತ್ತು ನಡೆದದ್ದನ್ನು ಬೋಳಾರದಲ್ಲಿ ಯಾರೂ ಕಂಡಿರಲಿಲ್ಲ. ಬಲಗೈಯಲ್ಲಿ ಗಂಡಸರ ಕಪ್ಪು ಕೊಡೆ, ಎಡಗೈ ಖಾಲಿ. ಅವರ ಸವಾರಿಯ ಸರಂಜಾಮು ಇಷ್ಟೇ. ಮೂವತ್ತೊಂದು ವರ್ಷ ಹುಡುಗಿಯರ ಶಾಲೆಯಲ್ಲಿ ಭೂಗೋಳ ಕಲಿಸಿದಾಗಲೂ ತಿದ್ದಬೇಕಾದ ಪುಸ್ತಕಗಳ ಕಟ್ಟು ಜವಾನನ ಕಂಕುಳಲ್ಲಿ ಹತ್ತು ಮಾರು ಹಿಂದಿನಿಂದ ಬರುತ್ತಿತ್ತು. ಅವರನ್ನು ಸೋಮಾರಿ ಎಂದವರಿಲ್ಲ. ಆ ಮನೆಯ ಹೆಂಗಸರು ಬೀದಿಯಲ್ಲಿ ಹೊರುವವರಲ್ಲ ಎಂಬುದು ಅವರ ಅಜ್ಜಿಯ ಕಾಲದ ಕಟ್ಟಳೆ, ಮತ್ತು ಕಟ್ಟಳೆ ಎಂದರೆ ಆ ಮನೆಯಲ್ಲಿ ಊಟಕ್ಕಿಂತ ಮೊದಲಿನ ವಿಷಯ.

ಮಂಗಳೂರಿನ ಬೆವರಿನಲ್ಲೂ ಸೀರೆಯ ಮೇಲೆ ಅವರು ತೊಡುತ್ತಿದ್ದ ಬೂದುಬಣ್ಣದ ಉಣ್ಣೆಯ ಕೋಟು ತೀರಿಹೋದ ಅಣ್ಣನದು; ದರ್ಜಿಯ ಕೈಯಲ್ಲಿ ಚಿಕ್ಕದು ಮಾಡಿಸಿಕೊಂಡಿದ್ದರು. ನಡೆಯುವಾಗ ದೃಷ್ಟಿ ಅತ್ತಿತ್ತ ಹೊರಳುತ್ತಿರಲಿಲ್ಲ, ಸೈಕಲ್ಲಿನ ಗಂಟೆಗೆ ದಾರಿ ಬಿಡುತ್ತಿರಲಿಲ್ಲ. ಯಾವ ಚರ್ಚೆಯನ್ನೇ ಆಗಲಿ ಅವರು ಒಂದೇ ಪದದಿಂದ ಸಮಾಪ್ತಿಗೊಳಿಸುತ್ತಿದ್ದರು: "ಮುಗಿಯಿತು." ಆ ಪದ ಬಿದ್ದ ಮೇಲೆ ವಾದಿಸಿದವರನ್ನು ನಾನು ನೋಡಿಲ್ಲ, ಅವರ ಅಕ್ಕ ಎಸ್ತೆರ್ ಬಾಯಿಯೊಬ್ಬರನ್ನು ಬಿಟ್ಟು.

ಐವತ್ತೆಂಟನೆಯ ಇಸವಿ. ನಾನು ಹಂಪನಕಟ್ಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದು, ಈ ಇಬ್ಬರು ಸೋದರಿಯರ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಎಸ್ತೆರ್ ಬಾಯಿ ವಿಧವೆ, ಮನೆಯ ಯಜಮಾನಿಕೆ ಮತ್ತು ಮರ್ಯಾದೆ ಎರಡನ್ನೂ ಸೆರಗಿಗೆ ಕಟ್ಟಿಕೊಂಡವರು. ಹಿಂದಿನ ಕ್ರಿಸ್ಮಸ್ಸಿನ ಅಡುಗೆಗೆಂದು ಅವರ ಅಣ್ಣನ ಮಗ ಯೂಸ್ಟೇಸ್ ಒಂದು ಬಿಳಿ ಮೊಲವನ್ನು ತಂದು ಕೊಟ್ಟಿದ್ದ. ಹಬ್ಬದ ಮುನ್ನಾದಿನ ಅದು ಉರ್ಸುಲಾ ಟೀಚರರ ಚಪ್ಪಲಿಯ ಮೇಲೆ ಗಲ್ಲವಿಟ್ಟು ನಿದ್ದೆಹೋಯಿತು. "ಇದನ್ನು ತಿನ್ನಲಿಕ್ಕಿಲ್ಲ. ಮುಗಿಯಿತು," ಎಂದರು ಅವರು. ಆ ವರ್ಷ ಆ ಮನೆಯಲ್ಲಿ ಕೋಳಿಯಲ್ಲೇ ಹಬ್ಬ ಕಳೆಯಿತು. ಮೊಲಕ್ಕೆ ಮೋತಿ ಎಂಬ ಹೆಸರಾಯಿತು.

ಫೆಬ್ರವರಿಯ ಒಂದು ಬೆಳಗ್ಗೆ ಮೋತಿಯ ತಲೆ ಬಲಕ್ಕೆ ವಾಲಿತ್ತು. ಎದ್ದು ನಿಂತರೆ ಸುತ್ತು ಹೊಡೆಯುವುದು, ಮತ್ತೆ ಬೀಳುವುದು, ಬಿದ್ದಲ್ಲೇ ಉರುಳುವುದು. ಟೀಚರು ಜಟ್ಕಾ ತರಿಸಿ, ಮೊಲವನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿ ಹಿಡಿಯಲು ನನ್ನನ್ನೂ ಹತ್ತಿಸಿಕೊಂಡು, ಬಲ್ಮಠದಾಚೆಯ ದನದ ಆಸ್ಪತ್ರೆಗೆ ಹೊರಟರು. ಜಟ್ಕಾದ ಒಂದೊಂದು ಕುಲುಕಿಗೂ ಆ ಬಡಜೀವ ಬುಟ್ಟಿಯೊಳಗೆ ಮಗುಚಿಕೊಂಡಿತು. ತಲುಪುವಷ್ಟರಲ್ಲಿ ಒಂದು ಕಣ್ಣಿನ ಅಂಚು ಬುಟ್ಟಿಯ ಬೆತ್ತಕ್ಕೆ ಉಜ್ಜಿ ಕೆಂಪಾಗಿತ್ತು.

"ಮೊಲ ಹಿಡಿದುಕೊಂಡು ಔಷಧಿಗೆ ಬಂದವರು ನೀವೇ ಮೊದಲು ಟೀಚರ್," ಎಂದರು ಡಾಕ್ಟರು. ನಗುವವರಿದ್ದರು, ಟೀಚರರ ಮುಖ ನೋಡಿ ನಗಲಿಲ್ಲ. ಕಿವಿಯೊಳಗೆ ದೀಪ ಹಿಡಿದು ನೋಡಿದರು. "ಕಿವಿಯ ಒಳಗೆ ಕೀವು ಉಂಟು. ದಿನಾ ತಂದರೆ ತೊಳೆದು ಮದ್ದು ಹಾಕ್ತೇನೆ, ಎರಡು ಮೂರು ವಾರ. ಮನೆಗೆ ಬರಲಿಕ್ಕೆ ನನಗೆ ಪುರುಸೊತ್ತಿಲ್ಲ. ಆದರೆ ಹೀಗೆ ಕುಲುಕಿಸಿಕೊಂಡು ತಂದರೆ ನನ್ನ ಮದ್ದು ನಾಟುವ ಮೊದಲೇ ದಾರಿಯಲ್ಲಿ ಸಾಯ್ತದೆ."

ಮರುದಿನ ಸಿಟಿ ಬಸ್ಸು ಹತ್ತಿದೆವು. ಪಾಂಡೇಶ್ವರದ ತಿರುವಿನಲ್ಲಿ ಮೋತಿ ಮೂರು ಸಲ ಉರುಳಿತು. ಟೀಚರು ಬಸ್ಸು ನಿಲ್ಲಿಸಿ ಇಳಿದುಬಿಟ್ಟರು. ನಾನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ನಡೆದರೂ ಬುಟ್ಟಿ ತೂಗಾಡಿ ಅದು ಮತ್ತೆ ಉರುಳಿತು. ರಸ್ತೆಬದಿಯಲ್ಲಿ ಬುಟ್ಟಿಯನ್ನು ನನ್ನಿಂದ ನೆಲಕ್ಕಿಡಿಸಿ, ಮುಂದೆ ಹೋಗಲೂ ಆಗದೆ ಹಿಂದೆ ಬರಲೂ ಆಗದೆ ನಿಂತ ಅವರನ್ನು ಅಂದು ಮೊದಲ ಬಾರಿಗೆ ನಾನು ನಿರುಪಾಯರಾಗಿ ಕಂಡೆ, ನೋಡಲು ನನ್ನಿಂದಾಗಲಿಲ್ಲ.

ಅದೇ ದಾರಿಯಲ್ಲಿ ಮೊಟ್ಟೆ ಮಾರುವ ಆಸ್ಯಮ್ಮ ಖಾಲಿ ಬುಟ್ಟಿ ಹೊತ್ತು ಪೇಟೆಯಿಂದ ಮರಳುತ್ತಿದ್ದರು. ಬ್ಯಾರಿ ಮುಸಲ್ಮಾನ ಹೆಂಗಸು, ನಮ್ಮ ಓಣಿಯ ಮನೆಗಳಿಗೆಲ್ಲ ಅವರದೇ ಮೊಟ್ಟೆ. ವಿಷಯ ಕೇಳಿ, ಮೊಲದ ಸುತ್ತ, ಮೊಟ್ಟೆ ಒಡೆಯದಂತೆ ತಮ್ಮ ಬುಟ್ಟಿಗೆ ಹಾಸಿದ್ದ ಭತ್ತದ ಉಮಿಯನ್ನೂ ಹಳೆ ಬಟ್ಟೆಯನ್ನೂ ತುರುಕಿ, ಸಿಂಬೆ ಸುತ್ತಿ ಬುಟ್ಟಿಯನ್ನು ತಲೆಗೇರಿಸಿಕೊಂಡು ಬಲ್ಮಠದ ಏರನ್ನು ಹತ್ತಿಯೇಬಿಟ್ಟರು. ಇಳಿಸಿ ನೋಡಿದರೆ ಮೋತಿ ಇಟ್ಟಲ್ಲಿ ಇಟ್ಟ ಹಾಗೆಯೇ ಕುಳಿತಿತ್ತು.

"ದಿನಾ ಬರ್ತೀಯಾ ಆಸ್ಯಮ್ಮ?"

"ನಾನು ಬಂದರೆ ನನ್ನ ಮೊಟ್ಟೆ ಯಾರು ಹೊರುವುದು ಬಾಯಮ್ಮ?"

ಟೀಚರು ಸ್ವಲ್ಪ ಹೊತ್ತು ಕೊಡೆಯ ತುದಿಯಿಂದ ನೆಲ ಕೆದಕಿದರು. "ಹಾಗಾದರೆ ನನಗೆ ಕಲಿಸು," ಎಂದರು.

ಆ ಸಂಜೆ ಅಂಗಳದಲ್ಲಿ ಪಾಠ ನಡೆಯಿತು. ಐವತ್ತೇಳರ ಪ್ರಾಯದಲ್ಲಿ, ಪಾಠ ಹೇಳಿಯೇ ಗೊತ್ತಿದ್ದವರು, ಮೊಲದ ಬದಲು ಹಂಚಿನ ಚೂರುಗಳನ್ನು ತುಂಬಿದ ಬುಟ್ಟಿ ಹೊತ್ತು ಬಾವಿಯಿಂದ ಗೇಟಿನವರೆಗೆ ನಡೆದು ಬೈಸಿಕೊಂಡರು. ಮರ್ಯಾದಸ್ಥರ ಗುರುತೆಂದು ಕೊಡೆಯನ್ನೂ ಬಿಡದೆ ಹಿಡಿದಿದ್ದರು. ಆಸ್ಯಮ್ಮ ಅದನ್ನು ಕಿತ್ತುಕೊಂಡು ನನ್ನ ಕೈಗಿತ್ತರು.

"ನೆಲ ನೋಡಬೇಡಿ ಬಾಯಮ್ಮ, ಎಷ್ಟು ಸರ್ತಿ ಹೇಳುವುದು! ಕಣ್ಣು ದೂರ ಇಡಿ. ಕುತ್ತಿಗೆ ಗಟ್ಟಿ, ಸೊಂಟ ಸಡಿಲ. ಮತ್ತೆ ಇದೊಂದು ನೆನಪಿರಲಿ, ಏರಿಸಲಿಕ್ಕೂ ಇಳಿಸಲಿಕ್ಕೂ ಇನ್ನೊಬ್ಬರು ಬೇಕು. ತಾನೇ ಇಳಿಸಲಿಕ್ಕೆ ಹೋದರೆ ಬುಟ್ಟಿ ವಾಲ್ತದೆ. ಮೊಟ್ಟೆ ಆದರೆ ಒಡೀತದೆ, ಮೊಲ ಆದರೆ ಉರುಳ್ತದೆ."

ಎಸ್ತೆರ್ ಬಾಯಿ ಕಿಟಕಿಯಿಂದ ಎಲ್ಲವನ್ನೂ ನೋಡಿದರು. "ನಮ್ಮ ಮನೆಯ ಹೆಂಗಸು ತಲೆ ಮೇಲೆ ಬುಟ್ಟಿ ಹೊತ್ತು ಪೇಟೆಗೆ ಹೋಗುವುದಾ ಉರ್ಸು? ನಾಳೆ ಇಗರ್ಜಿಯಲ್ಲಿ ನಾನು ಮುಖ ಎಲ್ಲಿಡಲಿ? ನೀನು ಹೊತ್ತುಕೋ. ನಾನು ಮಾತ್ರ ಆ ಬುಟ್ಟಿಗೆ ಕೈ ಹಚ್ಚಲಿಕ್ಕಿಲ್ಲ." ಕಿಟಕಿ ಮುಚ್ಚಿತು.

ಮರುದಿನ ಎಂಟು ಗಂಟೆಗೆ ನಾನು ಬುಟ್ಟಿ ಏರಿಸಿಕೊಟ್ಟೆ. ಬೂದು ಕೋಟು, ಅದರ ಮೇಲೆ ನೆಟ್ಟ ಕತ್ತು, ಅದರ ಮೇಲೆ ಸಿಂಬೆ, ಸಿಂಬೆಯ ಮೇಲೆ ಮೋತಿ. ಬೋಳಾರದ ಹಂಚಿನ ಕಾರ್ಖಾನೆಗೆ ಹೋಗುವ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಮಂಗಳಾದೇವಿಯ ಹೂವಿನಂಗಡಿಯವರು ಎದ್ದು ನಿಂತರು. ನಾನು? ಹೇಳಿಬಿಡುತ್ತೇನೆ: ನಾನು ಅವರ ಕೊಡೆ ಹಿಡಿದು ರಸ್ತೆಯ ಎದುರು ಬದಿಯಲ್ಲಿ, ಅವರ ಪರಿಚಯವೇ ಇಲ್ಲದವನ ಹಾಗೆ, ಅಂಗಡಿಗಳ ಬೋರ್ಡು ಓದುತ್ತ ನಡೆದೆ. ಕರಡಿನ ತಪ್ಪು ಹುಡುಕುವ ಕಣ್ಣಿಗೆ ಬೋರ್ಡುಗಳಲ್ಲಿ ಕೆಲಸಕ್ಕೆ ಬರವಿರಲಿಲ್ಲ. ಹಂಪನಕಟ್ಟೆಯ ಸಮೀಪ ಅವರು ಕತ್ತು ತಿರುಗಿಸದೆಯೇ ಕೂಗಿದರು:

"ಮೋಹನದಾಸ್, ಆ ಬದಿಯಲ್ಲಿ ನೆರಳು ಹೆಚ್ಚು ಉಂಟಾ?"

ಬಿಸಿಲು ಎರಡೂ ಬದಿಗೆ ಒಂದೇ ಸಮನಾಗಿತ್ತು. ನಾನು ರಸ್ತೆ ದಾಟಿ ಬಂದು ಅವರ ಪಕ್ಕದಲ್ಲಿ ನಡೆದೆ. ಆಗ ನನ್ನ ಕಿವಿಗಳು ಸುಡುತ್ತಿದ್ದುದು ಇವತ್ತಿಗೂ ನೆನಪಿದೆ. ಮುಂದೆ ಹಳೆಯ ಶಿಷ್ಯೆ ಗುಲಾಬಿ, ಈಗ ಯಾವುದೋ ಅಧಿಕಾರಿಯ ಹೆಂಡತಿ, ಗಾಬರಿಯಿಂದ ಓಡಿಬಂದಳು. "ಅಯ್ಯೋ ಟೀಚರ್, ಹೇಳಿದ್ದರೆ ಆಳು ಕಳಿಸ್ತಿದ್ದೆನಲ್ಲ!"

"ಆಳಿಗೆ ಕಲಿಸಲಿಕ್ಕೆ ಸಮಯ ಇಲ್ಲ. ನೀನು ದಾರಿ ಬಿಡು ಗುಲಾಬಿ, ನನಗೆ ಬದಿಗೆ ಹೋಗಲಿಕ್ಕಾಗುವುದಿಲ್ಲ."

ಆಸ್ಪತ್ರೆಯಲ್ಲಿ ಅಟೆಂಡರ್ ಇಳಿಸಿದ, ಡಾಕ್ಟರು ಕಿವಿ ತೊಳೆದರು, ಅಟೆಂಡರನೇ ಮತ್ತೆ ಏರಿಸಿದ. ಮನೆಗೆ ಮರಳಿದಾಗ ಹನ್ನೊಂದು ದಾಟಿತ್ತು. ನಾಲ್ಕು ಮೆಟ್ಟಿಲುಗಳ ಕೆಳಗೆ ನಿಂತು ಟೀಚರು ಕರೆದರು: "ಎಸ್ತೆರ್, ಇಳಿಸು ಬಾ."

ಒಳಗೆ ಜಪಮಾಲೆಯ ಸ್ವರ ಮಾತ್ರ ಕೇಳುತ್ತಿತ್ತು. ನಾನು ಕೈ ಚಾಚಿದೆ.

"ನೀವು ಬೇಡ. ನಿಮಗೆ ರಜೆ ಇವತ್ತಿನವರೆಗೆ ಮಾತ್ರ, ನಾಳೆಯಿಂದ ಕೆಲಸ ಉಂಟು. ದಿನಾ ಇಲ್ಲಿ ಇರುವವಳು ಅವಳು. ಅವಳು ಇಳಿಸದಿದ್ದರೆ ಇದು ನಾಳೆಗೇ ನಿಲ್ತದೆ."

ಹೀಗೆಂದು ಅವರು ನಿಂತರು. ಎರಡನೆಯ ಸಲ ಕರೆಯಲಿಲ್ಲ. ಬೆವರು ಹಣೆಯಿಂದ ಇಳಿದು ಕೋಟಿನ ಕಾಲರನ್ನು ತೋಯಿಸಿತು. ಒರೆಸಿಕೊಳ್ಳಲು ಕೈಯೆತ್ತಿದರೆ ಬುಟ್ಟಿ ಅಲುಗೀತೆಂದು ಒರೆಸಿಕೊಳ್ಳಲೂ ಇಲ್ಲ. ನನಗೆ ಎಸ್ತೆರ್ ಬಾಯಿಯ ಮೇಲೆ ಸಿಟ್ಟು ಬಂತು, ಆಮೇಲೆ ಟೀಚರರ ಮೇಲೂ ಬಂತು. ಅರ್ಧ ಗಂಟೆ ಕಳೆದಿರಬೇಕು. ಜಪದ ಸ್ವರ ಮೊದಲು ಗಟ್ಟಿಯಾಯಿತು, ಮತ್ತೆ ತಡವರಿಸಿತು, ಒಂದು ಪ್ರಾರ್ಥನೆಯ ನಡುವಿನಲ್ಲೇ ನಿಂತುಹೋಯಿತು.

ಎಸ್ತೆರ್ ಬಾಯಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಮಣಿಗಳು ಇನ್ನೂ ಕೈಬೆರಳಿಗೆ ಸುತ್ತಿಕೊಂಡಿದ್ದವು. ಮೆಟ್ಟಿಲಿಳಿದು ಎರಡೂ ಕೈಗಳನ್ನು ಬುಟ್ಟಿಗೆ ಕೊಟ್ಟರು.

"ಬಗ್ಗು. ಇನ್ನೂ ಸ್ವಲ್ಪ ಬಗ್ಗು. ಚಿಕ್ಕಂದಿನಿಂದ ನಿನ್ನದು ಇದೇ. ನಮ್ಮನ್ನು ಸಾಯಿಸ್ತೀಯ ನೀನು."

ಬುಟ್ಟಿ ಸ್ವಲ್ಪವೂ ವಾಲದೆ ನೆಲ ಮುಟ್ಟಿತು. ಮಾರನೆಯ ದಿನ ಎಸ್ತೆರ್ ಬಾಯಿ ಬಾಗಿಲಲ್ಲಿದ್ದರು, ಅದರ ಮಾರನೆಯ ದಿನ ಗೇಟಿನಲ್ಲಿ. ಆ ವಾರ ಕಳೆಯುವಷ್ಟರಲ್ಲಿ ಉಮಿ ಬದಲಿಸುವ ಕೆಲಸ ಅವರದಾಗಿತ್ತು, ಮತ್ತು ತಂಗಿಗೆ ಉಮಿ ತುಂಬಲು ಬರುವುದಿಲ್ಲವೆಂದು ನನ್ನೊಡನೆ ದೂರುವುದೂ ಶುರುವಾಗಿತ್ತು.

ಹದಿನೇಳನೆಯ ದಿನ, ನನಗೆ ರಜೆ ಇದ್ದುದರಿಂದ ನಾನೂ ಹೋಗಿದ್ದೆ, ಡಾಕ್ಟರು ಮೋತಿಯನ್ನು ಆಸ್ಪತ್ರೆಯ ನೆಲಕ್ಕೆ ಬಿಟ್ಟರು. ನಾಲ್ಕು ಹೆಜ್ಜೆ ನಡೆದು ಬಿತ್ತು. ಯಾರೂ ಮುಟ್ಟಲಿಲ್ಲ. ತಾನಾಗಿ ಎದ್ದು ಗೋಡೆಯವರೆಗೆ ಹೋಯಿತು.

"ಕುತ್ತಿಗೆ ಇನ್ನು ನೇರ ಆಗಲಿಕ್ಕಿಲ್ಲ ಟೀಚರ್. ಆದರೆ ಬದುಕ್ತದೆ."

"ನೇರ ಕುತ್ತಿಗೆ ಯಾರು ಕೇಳಿದರು? ಬದುಕ್ತದಲ್ಲ," ಎಂದ ಟೀಚರು ಅಂದು ತಮ್ಮ ಮಾಮೂಲಿನ ಪದವನ್ನು ಹೇಳಲು ಹೋಗಿ ಹೇಳಲಾರದೆ, ಕೋಟಿನ ಜೇಬಿನಲ್ಲಿ ಕರವಸ್ತ್ರ ಹುಡುಕತೊಡಗಿದರು.

ಇಂಥ ಹಟಮಾರಿಗಳನ್ನು ನಾನು ಆಮೇಲೆಯೂ ಕೆಲವರನ್ನು ಕಂಡಿದ್ದೇನೆ. ಯಾರ ಹಂಗೂ ಬೇಡದವರು, ಎಲ್ಲವನ್ನೂ ಒಬ್ಬರೇ ಮಾಡಬಲ್ಲವರು ಎಂದು ಲೋಕ ಅವರನ್ನು ಸ್ವಲ್ಪ ಭಯದಿಂದ, ಸ್ವಲ್ಪ ಅಸೂಯೆಯಿಂದ ದೂರವೇ ಇಡುತ್ತದೆ. ಆದರೆ ಅವರಷ್ಟು ನಮ್ಮನ್ನು ನಂಬಿದವರು ಬೇರೆ ಇಲ್ಲ. ಬರುವಷ್ಟು ದಾರಿಯನ್ನು ತಾವೇ ಹೊತ್ತು ಬಂದು ಅವರು ನಮ್ಮ ಮೆಟ್ಟಿಲ ಕೆಳಗೆ ನಿಲ್ಲುತ್ತಾರೆ. ಬೇಡುವುದಿಲ್ಲ, ಬೈಯುವುದಿಲ್ಲ, ತಿರುಗಿ ಹೋಗುವುದೂ ಇಲ್ಲ. ನಾವು ಬಂದೇ ಬರುತ್ತೇವೆಂದು ನಮಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ.