ಹೆಂಡತಿ ಸೋಲುತ್ತಿದ್ದಾಳೆ

೧
ಕಥೆ ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಆಸ್ಪತ್ರೆಯಿಂದ ಬೇಡ, ಹೃದಯಾಘಾತದ ಕಥೆಯೆಂದರೆ ಎಲ್ಲರೂ ಅಲ್ಲಿಂದಲೇ ಹೊರಡುತ್ತಾರೆ. ನನ್ನ ಕಥಾನಾಯಕ, ಒಬ್ಬ ಲಿಫ್ಟ್ ಮೆಕ್ಯಾನಿಕ್, ಆಸ್ಪತ್ರೆಯಿಂದ ಮನೆಗೆ ಬಂದು ಆಗಲೇ ಆರು ವಾರ. ಎದೆಯೊಳಗೆ ಒಂದು ಸ್ಟೆಂಟ್, ಎಡ ಮಣಿಕಟ್ಟಿನ ಮೇಲೆ ಸದಾ ಬಲಗೈಯ ಎರಡು ಬೆರಳು. ನಾಡಿ ಎಣಿಸುವುದೇ ಈಗ ಅವನ ಉದ್ಯೋಗ.

"ಹೃದಯ ಚೆನ್ನಾಗಿದೆ. ಹೆದರಿಕೆಗೆ ಮಾತ್ರ ನನ್ನ ಹತ್ರ ಸ್ಟೆಂಟ್ ಇಲ್ಲ. ಮೊದಲಿನ ಹಾಗೇ ಇರಿ," ಎಂದಿದ್ದರು ಡಾಕ್ಟರು.

(ಮೊದಲ ಡ್ರಾಫ್ಟಿನಲ್ಲಿ ಅವರು ಎರಡು ಪುಟ ಭಾಷಣ ಬಿಗಿದಿದ್ದರು. ಹರಿದು ಹಾಕಿದೆ. ಓದುವವರ ಬಿಪಿಯನ್ನೂ ನೋಡಬೇಕಲ್ಲ!)

೨
ಅವನ ತಕರಾರು ಇರುವುದು ಹೆಂಡತಿಯ ಮೇಲೆ. ಮೂವತ್ತು ವರ್ಷದಿಂದ ದಿನಾ ಸಂಜೆ ಇಬ್ಬರಿಗೂ ಚದುರಂಗ. ಒಂದು ಕಾಲಾಳು ಹೋದರೂ ಜಗಳ ತೆಗೆದು ರಂಪ ಮಾಡುತ್ತಿದ್ದವಳು ಈಗ ತನ್ನ ಮಂತ್ರಿಯನ್ನು ತಾನೇ ತಂದು ಅವನ ಕುದುರೆಯ ಕಾಲಡಿ ಇಡುತ್ತಾಳೆ. "ಅಯ್ಯೋ, ಸೋತ್ನಲ್ಲ!" ಎಂದು ನಗುತ್ತಾಳೆ.

ಸತತ ಹನ್ನೊಂದು ಆಟ ಗೆದ್ದ ಮೇಲೆ ಅವನ ಮೈ ತಣ್ಣಗಾಯಿತು. ಇವಳು ಸೋಲುವ ಪೈಕಿಯೇ? ಡಾಕ್ಟರು ಇವಳೊಬ್ಬಳಿಗೇ ಏನೋ ಹೇಳಿದ್ದಾರೆ. ತನ್ನ ದಿನ ಮುಗಿಯಿತು.

೩ (ರದ್ದು)
ಇಲ್ಲಿ ಅವನು ಮೆಟ್ಟಿಲ ಮೇಲೆ ಕುಸಿಯಬೇಕಿತ್ತು. ಬರೆಯಲು ಕೈ ಬರಲಿಲ್ಲ. ಸೋಫಾದ ಮೇಲೆ ಕೂರಿಸಿ, ಕಿಟಕಿಯಿಂದ ತಂಗಾಳಿ ಬಿಟ್ಟೆ.

"ನೀವೂ ಅವಳ ಥರಾನೇ!" ಅವನು ನನ್ನ ಮೇಲೆ ರೇಗಿದ. "ಅರ್ಧ ಕಥೆ ಆಯ್ತು, ನಂಗೆ ಒಂದು ಕಷ್ಟ ಕೊಟ್ಟಿಲ್ಲ."

"ನಿಮ್ಮ ಆರೋಗ್ಯ..."

"ರಿಪೇರಿ ಆದ ಲಿಫ್ಟನ್ನ ಖಾಲಿ ಓಡಿಸಿ ಸರ್ಟಿಫಿಕೇಟ್ ಕೊಡ್ತೀವೇನ್ರೀ? ಭಾರ ಹೇರಿ ನೋಡ್ತೀವಿ. ನನ್ನ ಹತ್ರ ಜಗಳ ಆಡು ಅಂತ ಅವಳಿಗೆ ಹೇಳಿ."

"ನೀವೇ ಹೇಳಿ," ಎಂದು ನುಣುಚಿಕೊಂಡೆ. (ಅವನಿಗೇನಾದರೂ ಆದರೆ ಅಪವಾದ ನನ್ನ ತಲೆಗೆ ತಾನೇ?)

೪
ಆ ಸಂಜೆ ಅವಳು ಮತ್ತೆ ಮಂತ್ರಿಯನ್ನು ಮುಂದೆ ತಳ್ಳಿದಾಗ ಅವನು ಕೇಳಿಯೇ ಬಿಟ್ಟ.

"ನಿಜ ಹೇಳು. ನಂಗಿನ್ನು ಎಷ್ಟು ದಿನ ಅಂತೆ?"

ಅವಳ ಮುಖ ಬಾಡಿತು. "ಡಾಕ್ಟ್ರು ಏನೂ ಹೇಳಿಲ್ಲ ಕಣ್ರೀ. ಅವತ್ತು ನೀವು ಬಿದ್ದಾಗ ನಾನು ಜಗಳ ಆಡ್ತಾ ಇದ್ದೆ. ಒಂದು ಕಾಲಾಳಿಗೋಸ್ಕರ. ನನ್ನಿಂದ್ಲೇ ಹಿಂಗಾಯ್ತು."

ಆರು ವಾರ ಇದನ್ನು ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಅವನಿಗೆ ಅಳು ಬಂತು, ಆದರೆ ಹೊರಗೆ ಬಂದದ್ದು ನಗು.

"ಹುಚ್ಚೀ, ಅದು ಮೂವತ್ತು ವರ್ಷದ ಸಿಗರೇಟು ಕಣೇ! ನಿನ್ನ ಕಾಲಾಳಿಗೆ ಅಷ್ಟು ತಾಕತ್ತೆಲ್ಲಿ?"

ಅವಳು ಕಣ್ಣೊರೆಸಿಕೊಂಡಳು. "ಏನಂದ್ರಿ? ನನ್ನ ಕಾಲಾಳಿಗೆ ತಾಕತ್ತಿಲ್ವಾ? ಜೋಡ್ಸಿ ಕಾಯಿ!"

೫
ಮುಕ್ತಾಯ ಒಂದು: ಅವನು ಗೆದ್ದ. (ಅವಳು ಒಪ್ಪುತ್ತಿಲ್ಲ.)

ಮುಕ್ತಾಯ ಎರಡು: ಅವಳು ಗೆದ್ದಳು. (ಅವನು ನನ್ನ ಪೆನ್ನು ಕಿತ್ತುಕೊಂಡ.)

ಮೂರನೆಯದನ್ನು ಯೋಚಿಸುವಷ್ಟರಲ್ಲಿ ಅವನು ಕುದುರೆ ಮುಟ್ಟಿ ಅನುಮಾನಿಸಿದ. "ಮುಟ್ಟಿದ ಕಾಯಿ ನಡೆಸ್ಲೇಬೇಕು!" ಅವಳ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಆಗ ನಾಡಿ ಎಷ್ಟಿತ್ತೆಂದು ಮಾತ್ರ ಕೇಳಬೇಡಿ. ಆ ಎರಡು ಬೆರಳೂ ಕುದುರೆಯ ಮೇಲಿದ್ದವು.

ಕೊನೆಗೆ ಗೆದ್ದವರು ಯಾರು? ಬಗ್ಗಿ ನೋಡಲು ಹೋದೆ.

"ಸ್ವಲ್ಪ ಆಚೆ ಹೋಗ್ರೀ, ಬೆಳಕಿಗೆ ಅಡ್ಡ ನಿಂತಿದ್ದೀರ," ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ನನ್ನನ್ನು ಗದರಿದರು.