ನಾಲ್ಕು ಬಿಳಿ ಇಟ್ಟಿಗೆ

ಮೊದಲ ಗುಡುಗಿಗೆ ವರ್ನೆಲ್ ಟಿಸ್‌ಡೇಲ್ ತಲೆಯನ್ನೂ ಎತ್ತಲಿಲ್ಲ. ಪೊರಕೆ ಹಿಡಿದು ನಿಂತವಳಿಗೆ ಆಕಾಶದ ಗೊಡವೆ ಯಾಕೆ? ತನ್ನ ಮನೆಯ ಮೆಟ್ಟಿಲು ಗುಡಿಸಿ, ಮುಂದಿನ ಕಾಲುದಾರಿ ಗುಡಿಸಿ, ಪಕ್ಕದ ಮನೆಯವರು ಆಗಲೇ ಗುಡಿಸಿದ್ದನ್ನು ಮತ್ತೊಮ್ಮೆ ಗುಡಿಸಿ, ಅವಳೀಗ ಸೆಲ್ಬಿ ಬೀದಿಯ ತಗ್ಗಿನ ತುದಿಗೆ ಬಂದಿದ್ದಳು. ಪಶ್ಚಿಮ ಫಿಲಡೆಲ್ಫಿಯಾದ ಬೀದಿಗಳಿಗೆ, ಅವನ್ನು ಚೊಕ್ಕವಾಗಿ ಇಡಿಸಲು, ಅಲ್ಲಿಯವರೇ ಒಬ್ಬೊಬ್ಬ ಕ್ಯಾಪ್ಟನ್ ಇರುತ್ತಾರೆ. ಸೆಲ್ಬಿ ಬೀದಿಗೆ ಇಪ್ಪತ್ತೆರಡು ವರ್ಷದಿಂದ ವರ್ನೆಲ್ಲೇ ಕ್ಯಾಪ್ಟನ್. ಎಪ್ಪತ್ತೊಂದರ ಅವಳ ಎದುರು ನಿಲ್ಲುವ ಗುಂಡಿಗೆ ಇನ್ನೂ ಯಾರಿಗೂ ಬಂದಿರಲಿಲ್ಲ.

ಶನಿವಾರ ಚೊಕ್ಕ ಬೀದಿ ಸ್ಪರ್ಧೆಯ ತೀರ್ಪುಗಾರರು ಬರುವವರಿದ್ದರು. ಕಳೆದ ವರ್ಷ ಸೆಲ್ಬಿ ಬೀದಿಗೆ ಬಂದದ್ದು ಎರಡನೇ ಬಹುಮಾನ. ಎರಡನೆಯದು! ಆ ಪ್ರಶಸ್ತಿಪತ್ರವನ್ನು ವರ್ನೆಲ್ ಗೋಡೆಗೆ ಹಾಕದೆ ಫ್ರಿಜ್ಜಿನ ಮೇಲೆ ಬೋರಲು ಮಲಗಿಸಿದ್ದಳು. ಮೊದಲನೆಯದು ಕೈತಪ್ಪಿದ್ದು ಯಾಕೆಂದು ಅವಳಿಗೆ ಗೊತ್ತಿತ್ತು. ಮೂಲೆಯ ಆ ಮಳೆತೋಟ.

ಮೂರು ವರ್ಷದ ಹಿಂದೆ ನಗರದವರು ಬಂದು ಮೂಲೆಯ ಕಾಂಕ್ರೀಟು ಒಡೆದು, ಆಳಕ್ಕೆ ಅಗೆದು, ಜಲ್ಲಿ ತುಂಬಿ, ಮೇಲೆ ಮರಳುಮಣ್ಣು ಹರಡಿ, ಎದೆಯೆತ್ತರದ ಹುಲ್ಲು, ನೇರಳೆ ಹೂವಿನ ಗಿಡ ನೆಟ್ಟು ಹೋಗಿದ್ದರು. ತೋಟದ ಸುತ್ತ ಎತ್ತರಿಸಿದ ಕಟ್ಟೆಯಲ್ಲಿ, ರಸ್ತೆಯ ಬದಿಗೆ, ಎರಡು ಗೇಣಗಲದ ಒಂದು ಬಾಯಿ ಬಿಟ್ಟಿದ್ದರು. ಬೀದಿಯ ಮಳೆನೀರು ಆ ಬಾಯಿಂದ ತೋಟಕ್ಕೆ ಇಳಿದು ಮೆಲ್ಲಗೆ ಇಂಗಬೇಕು. ಇಂಗುತ್ತಲೂ ಇತ್ತು, ಸುಳ್ಳು ಹೇಳಬಾರದು. ಆದರೆ ನೀರಿನ ಬೆನ್ನಿಗೆ ಮೇಲಿನ ಬೀದಿಯ ಸೋಮಾರಿಗಳ ಚಿಪ್ಸ್ ಪೊಟ್ಟಣ, ಸಿಗರೇಟಿನ ತುಂಡು, ಸೋಡಾ ಲೋಟ ಎಲ್ಲವೂ ಬಂದು ಆ ಹುಲ್ಲಿಗೆ ಸಿಕ್ಕಿಕೊಳ್ಳುತ್ತಿದ್ದವು. ಕೊಳೆ ಮಾಡುವವರು ಅವರು, ಹೆಸರು ಕೆಡುವುದು ಇವಳದು.

ಅದಕ್ಕೇ ಇವತ್ತು ಬೆಳಿಗ್ಗೆ, ಬೀದಿ ಏಳುವ ಮೊದಲೇ, ವರ್ನೆಲ್ ಒಂದು ಕೆಲಸ ಮಾಡಿದ್ದಳು. ಅವಳ ಮನೆ ಮುಂದಿನ ಮರದ ಸುತ್ತ ಇಟ್ಟಿಗೆಯ ಉಂಗುರವಿತ್ತು. ಪ್ರತಿ ವಸಂತಕ್ಕೂ ಅವನ್ನು ಬಿಳಿ ಬಣ್ಣದಲ್ಲಿ ಮೀಯಿಸುವುದು ಅವಳ ಪದ್ಧತಿ. ಅದರಿಂದ ನಾಲ್ಕು ಇಟ್ಟಿಗೆ ಕಿತ್ತು ತಂದು ಕಟ್ಟೆಯ ಬಾಯಿಗೆ ಬಿಗಿಯಾಗಿ ತುರುಕಿ, ಸಂದಿಗೆ ಮಣ್ಣು ಮೆತ್ತಿ, ಹಿಂದೆ ಗುಲಾಬಿ ಬಣ್ಣದ ಪಿಟೂನಿಯಾ ಹೂಗಿಡಗಳ ಸಾಲು ನೆಟ್ಟಿದ್ದಳು. ಶನಿವಾರ ಕಳೆಯುವವರೆಗೆ ಮಾತ್ರ. ಟೀವಿಯ ಹವಾಮಾನದವನು ವಾರವಿಡೀ ಬಿಸಿಲು ಅಂದಿದ್ದನಲ್ಲ.

"ಮಿಸ್ ವರ್ನೆಲ್, ಆ ಪೊರಕೆಗೂ ಸ್ವಲ್ಪ ಉಸಿರಾಡೋಕೆ ಬಿಡಿ!"

ಕೂಗು ಬಂದದ್ದು ಕಾಲ ಬುಡದಿಂದ. ತೋಟಕ್ಕೆ ಅಂಟಿಕೊಂಡ ಕೊನೆಯ ಮನೆ ರೋಸ್ಲಿನ್ ಪಿಂಕ್ನಿಯದು. ಕಾಲುದಾರಿಯಿಂದ ಒಂದು ಗೇಣು ಮೇಲೆ ಅವಳ ನೆಲಮಾಳಿಗೆಯ ಕಿಟಕಿ. ಅದರೊಳಗಿಂದ ಅವಳ ಮುಖ, ಬಾಯಲ್ಲಿ ಎರಡು ಗುಂಡುಪಿನ್ನು, ಬೆನ್ನ ಹಿಂದೆ ಹಗ್ಗಕ್ಕೆ ತೂಗುಹಾಕಿದ ದ್ರಾಕ್ಷಿಬಣ್ಣದ ನಿಲುವಂಗಿಗಳು ಕಂಡವು. ಭಾನುವಾರ ಚರ್ಚಿಗೆ ನೂರು ವರ್ಷ. ಹಾಡುವವರ ಮೂವತ್ತಾರು ನಿಲುವಂಗಿಯನ್ನೂ ಹೊಲಿಯುತ್ತಿದ್ದವಳು ರೋಸ್ಲಿನ್.

"ಎಷ್ಟಾಯ್ತೇ ರೋಸ್?"

"ಮೂವತ್ನಾಲ್ಕು. ಸಿಸ್ಟರ್ ಬ್ಯೂಲಾದು ಇನ್ನೊಂದ್ಸಲ ಬಿಚ್ಚಿದೀನಿ. ಅಳತೆ ಕೊಟ್ಮೇಲೂ ಆಯಮ್ಮ ಕೇಕ್ ತಿನ್ನೋದು ಬಿಟ್ಟಿಲ್ಲ."

ವರ್ನೆಲ್ ನಕ್ಕಳು. ನಗುತ್ತಲೇ ಎರಡನೇ ಗುಡುಗು ಕೇಳಿ ಈ ಸಲ ತಲೆಯೆತ್ತಿ ಆಕಾಶ ನೋಡಿದಳು. ಮಳೆತೋಟ ಬರುವ ಮೊದಲು ಒಂದು ಮಳೆಗೆ ಇದೇ ಕಿಟಕಿಯಿಂದ ರಸ್ತೆಯ ನೀರು ನುಗ್ಗಿ, ರೋಸ್ಲಿನ್‌ಳ ತಾಯಿಯ ಕಾಲದ ಹೊಲಿಗೆ ಯಂತ್ರವನ್ನು ಮುಳುಗಿಸಿತ್ತು. ಅಲ್ಲಿಂದಾಚೆ ಅವಳು ಊಟದ ಮೇಜಿನ ಮೇಲೇ ಹೊಲಿಯುತ್ತಿದ್ದಳು, ನೆಲಮಾಳಿಗೆಗೆ ಇಳಿಯುವುದನ್ನೇ ಬಿಟ್ಟಿದ್ದಳು. ಈ ವಸಂತದಲ್ಲಿ, "ಇಳಿಯೇ, ಏನಾಗಲ್ಲ. ಇನ್ನು ಒಂದು ಹನಿ ಬರಲ್ಲ, ಕ್ಯಾಪ್ಟನ್ ಮಾತು" ಎಂದು ಕೈಹಿಡಿದು ಇಳಿಸಿದವಳು ಈ ವರ್ನೆಲ್ಲೇ.

ಮಳೆ ಒಮ್ಮೆಲೇ ಬಿತ್ತು. ವರ್ನೆಲ್ ಎದುರುಮನೆಯ ಡಾರ್ಸಿಯ ಜಗಲಿಗೆ ಓಡಿದಳು. ಬಸ್ಸು ಓಡಿಸಿ ನಿವೃತ್ತನಾದ ಡಾರ್ಸಿ ಕುರ್ಚಿ ಸರಿಸಿ ಜಾಗ ಮಾಡಿದ.

"ಬಾ ಕ್ಯಾಪ್ಟನ್ನಮ್ಮ. ಇವತ್ತು ನಿನ್ನ ಬೀದೀನ ದೇವರೇ ತೊಳೀತಾನೆ. ನೀನು ಕೂತ್ಕೋ."

ಅವಳು ಕೂರಲಿಲ್ಲ. ಐದು ನಿಮಿಷಕ್ಕೆ ರಸ್ತೆಯ ಎರಡು ಬದಿಯೂ ನೀರು ಕಟ್ಟಿತು. ಮೂಲೆಯ ಹಳೆಯ ಮೋರಿ ಗುಟುಕು ಗುಟುಕಾಗಿ ಕುಡಿದು, ಸಾಕಾಗಿ, ತೇಗುವಂತೆ ಗುಳ್ಳೆ ಬಿಟ್ಟಿತು. ನೀರು ಕಟ್ಟೆಯ ಬಾಯಿಯತ್ತ ಬಂದು, ತಡೆದು, ಹಿಂದಕ್ಕೆ ಸುತ್ತಿತು.

ಡಾರ್ಸಿ ಕನ್ನಡಕ ಏರಿಸಿದ. "ಇದೇನು, ತೋಟಕ್ಕೆ ಹೋಗ್ತಾನೇ ಇಲ್ವಲ್ಲ ನೀರು?"

"ಎಲೆ ಕಟ್ಕೊಂಡಿರ್ಬೇಕು," ಎಂದಳು ವರ್ನೆಲ್.

"ಎಲೆನಾ? ನೀನಿರೋ ಬೀದೀಲಾ?"

ವರ್ನೆಲ್ ಜಗಲಿಯ ಅಂಚಿಗೆ ಸರಿದಳು. ನಿಲ್ಲುತ್ತದೆ, ಈಗ ನಿಲ್ಲುತ್ತದೆ, ಬೇಸಿಗೆಯ ಮಳೆ ಎಷ್ಟು ಹೊತ್ತು, ಎಂದು ಒಳಗೊಳಗೇ ಜಪಿಸುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೋಗಿ ಕಿತ್ತರೆ ಬೀದಿಗೆ ಬೀದಿಯೇ ಜಗಲಿಯ ಮೇಲೆ ನಿಂತಿದೆ, ಎಲ್ಲರೂ ನೋಡುತ್ತಾರೆ. ನೀರು ರಸ್ತೆಯಂಚು ಏರಿ ಕಾಲುದಾರಿಗೆ ಹರಡಿತು. ಅದರಾಚೆ ರೋಸ್ಲಿನ್‌ಳ ಕಿಟಕಿಯಲ್ಲಿ ಹಳದಿ ದೀಪ ಉರಿಯುತ್ತಿತ್ತು. ತಲೆ ಬಗ್ಗಿಸಿ ಹೊಲಿಯುತ್ತಿದ್ದವಳಿಗೆ ಹೊರಗಿನ ಪರಿವೆಯೇ ಇರಲಿಲ್ಲ. ಯಾಕಿರಬೇಕು? ಕ್ಯಾಪ್ಟನ್ ಮಾತು ಕೊಟ್ಟಿದ್ದಳಲ್ಲ.

"ಅಯ್ಯೋ ನನ್ನ ಮುಖಕ್ಕಿಷ್ಟು!" ಎಂದು ವರ್ನೆಲ್ ಮೆಟ್ಟಿಲಿಳಿದು ಓಡಿದಳು.

ರಸ್ತೆಯ ನಡುವೆಯೇ ನೀರು ಮೀನಖಂಡ ಮುಟ್ಟಿತು. ಒಂದು ಚಪ್ಪಲಿ ಕಳಚಿಕೊಂಡು ಹೋಯಿತು. ಕಟ್ಟೆಯ ಹತ್ತಿರ ಮಂಡಿಯೂರಿ, ಕೆಸರು ನೀರೊಳಗೆ ಕೈಯಿಳಿಸಿ ತಡಕಿದಳು. ಮೊದಲನೇ ಇಟ್ಟಿಗೆ ಬಂತು. ಎರಡನೆಯದು ಉಗುರು ಮುರಿದು ಬಂತು. ಮಿಕ್ಕ ಎರಡು ಜಪ್ಪಯ್ಯ ಅನ್ನಲಿಲ್ಲ. ಬಿಗಿಯಾಗಿ ತುರುಕಿದ ಕೈಯೂ ಅವಳದೇ ಅಲ್ಲವೆ!

"ರೋಸ್! ಏ ರೋಸ್! ಹೊರಗೆ ಬಾರೇ!"

ಕೊಡೆ ಹಿಡಿದು ಬಂದ ರೋಸ್ಲಿನ್ ಮೊದಲು ನೀರು ನೋಡಿದಳು, ಆಮೇಲೆ ತನ್ನ ಕಿಟಕಿ ನೋಡಿದಳು, ಆಮೇಲೆ ತನ್ನ ಮೆಟ್ಟಿಲ ಮೇಲೆ ಬಿದ್ದಿದ್ದ ಬಿಳಿ ಇಟ್ಟಿಗೆಗಳನ್ನು ನೋಡಿದಳು. ಕೊಡೆ ಮಡಚಿ, ಅದರ ಚೂಪು ತುದಿಯನ್ನು ಸಂದಿಗೆ ಹಾಕಿ ಮೀಟಿದಳು. ವರ್ನೆಲ್ ಎರಡೂ ಕೈಯಲ್ಲಿ ಎಳೆದಳು. ಕೊಡೆಯ ಕಡ್ಡಿ ಮುರಿಯಿತು, ಇಟ್ಟಿಗೆ ಬಂತು, ಅದರ ಹಿಂದೆಯೇ ಇನ್ನೊಂದು ತಾನಾಗಿ ಕಿತ್ತುಕೊಂಡು ಬಂತು.

ನೀರು ಒಂದು ಕ್ಷಣ ತಡವರಿಸಿ ತಿರುಗಿತು. ಹೋ ಎಂದು ಬಾಯಿಗೆ ನುಗ್ಗಿ ಪಿಟೂನಿಯಾಗಳನ್ನು ಬುಡಸಮೇತ ಎತ್ತಿಕೊಂಡು ಹೋಯಿತು. ಎದೆಯೆತ್ತರದ ಹುಲ್ಲು ಅಡ್ಡ ಮಲಗಿ, ನಡುಗಿ, ಮತ್ತೆ ಎದ್ದಿತು. ಇಬ್ಬರೂ ತೊಪ್ಪೆಯಾಗಿ ಅಲ್ಲೇ ನಿಂತು ಕಿಟಕಿಯನ್ನೇ ನೋಡಿದರು. ನೀರು ಅದರ ಅಂಚಿಗೆ ಎರಡು ಬೆರಳು ಕೆಳಗೆ ನಿಂತಿತು. ಆಮೇಲೆ ಮೂರು ಬೆರಳಾಯಿತು. ನಾಲ್ಕಾಯಿತು. ಮಳೆ ಇನ್ನೂ ಹುಯ್ಯುತ್ತಲೇ ಇದ್ದರೂ ಕಾಲುದಾರಿಯ ಕಲ್ಲುಗಳು ಒಂದೊಂದಾಗಿ ತಲೆಯೆತ್ತಿದವು. ಎದುರು ಜಗಲಿಯಿಂದ ಡಾರ್ಸಿ ಬಸ್ಸಿನ ಹಾರನ್ನಿನಂತೆ ಕೂಗು ಹಾಕಿದ.

ನೆಲಮಾಳಿಗೆಗೆ ಇಳಿದು ರೋಸ್ಲಿನ್ ನೆಲ ಮುಟ್ಟಿ ನೋಡಿದಳು. ಗೋಡೆ ಮುಟ್ಟಿದಳು. ಮೂವತ್ನಾಲ್ಕು ನಿಲುವಂಗಿಯ ಅಂಚನ್ನೂ ಒಂದೊಂದಾಗಿ ಹಿಡಿದು ನೋಡಿದಳು. "ಒದ್ದೆಯಾಗಿಲ್ಲ. ಏನೂ ಒದ್ದೆಯಾಗಿಲ್ಲ, ಮಿಸ್ ವರ್ನೆಲ್."

ವರ್ನೆಲ್ ಮೆಟ್ಟಿಲ ಮೇಲೆ ಕುಸಿದಳು. ಹಿಡಿದಿಟ್ಟಿದ್ದ ಉಸಿರು ಬಿಡುವಾಗ ಅಳುವೂ ಜೊತೆಗೇ ಬಂತು. ಎಷ್ಟು ಹಗುರಾಯಿತೆಂದರೆ ನಾಚಿಕೆಪಡಲೂ ಅವಳಿಗೆ ನೆನಪಾಗಲಿಲ್ಲ.

"ನಾನೇ ಕಣೇ ಇಟ್ಟಿದ್ದು," ಎಂದಳು.

"ಮತ್ತಿನ್ಯಾರು? ಇಟ್ಟಿಗೆಗೂ ಸ್ನಾನ ಮಾಡಿಸಿ ಬಟ್ಟೆ ಹಾಕೋರು ಈ ಬೀದೀಲಿ ಇನ್ಯಾರಿದಾರೆ?"

"ಬೈಯೇ. ಬೈದು ಬಿಡು."

"ಬೈತೀನಿ. ಎರಡು ನಿಲುವಂಗಿ ಬಾಕಿ ಇದೆ, ಭಾನುವಾರ ಆದ್ಮೇಲೆ ಪುರುಸೊತ್ತಾಗಿ ಕೂತು ಬೈತೀನಿ." ರೋಸ್ಲಿನ್ ಒಂದು ಟವೆಲು ಅವಳ ತಲೆಗೆ ಎಸೆದಳು. "ಅಲ್ಲಿವರೆಗೂ ಆ ನಾಲ್ಕು ಇಟ್ಟಿಗೆ ನನ್ನ ಹತ್ರ ಇರುತ್ತೆ. ನಿಮ್ಮ ಕೈಗೆ ಕೊಡೋಕಾಗಲ್ಲ."

ವರ್ನೆಲ್ ಟವೆಲಿನೊಳಗೇ ನಕ್ಕಳು. ಇಟ್ಟಿಗೆ ವಾಪಸು ಕೇಳಲಿಲ್ಲ.

ಶನಿವಾರ ತೀರ್ಪುಗಾರರು ಬಂದರು. ಬೆಳಗಿನಿಂದ ಜಿನುಗು ಮಳೆ. ಕೈಯಲ್ಲಿ ಹಲಗೆ, ಕಾಗದ ಹಿಡಿದ ಉದ್ದನೆಯ ಹೆಂಗಸೊಬ್ಬಳು ವರ್ನೆಲ್‌ಳ ಮರದ ಮುಂದೆ ನಿಂತಳು. ಬಿಳಿ ಉಂಗುರದಲ್ಲಿ ಹಲ್ಲುದುರಿದಂತೆ ನಾಲ್ಕು ಖಾಲಿ ಜಾಗವಿತ್ತು.

"ಇಲ್ಲಿ ನಾಲ್ಕು ಇಟ್ಟಿಗೆ ಇಲ್ವಲ್ಲ, ಮಿಸ್ ಟಿಸ್‌ಡೇಲ್?"

"ಇಲ್ಲ. ಒಬ್ಬರ ಹತ್ರ ಬಿಟ್ಟಿದೀನಿ."

ತಗ್ಗಿನ ತುದಿಯವರೆಗೆ ನಡೆದರು. ಕೆಸರು ಹೊದ್ದ ಹುಲ್ಲಿನ ನಡುವೆ ಒಂದೇ ಒಂದು ಪಿಟೂನಿಯಾ ತಲೆಕೆಳಗಾಗಿ ಬೇರು ತೋರಿಸುತ್ತಿತ್ತು. ನೆಲಮಾಳಿಗೆಯ ಕಿಟಕಿಯೊಳಗೆ ಹೊಲಿಗೆ ಯಂತ್ರ ಕಟಕಟ ಓಡುತ್ತಿತ್ತು. ಅಷ್ಟರಲ್ಲಿ ಮೇಲಿನ ಬೀದಿಯಿಂದ ಸಣ್ಣ ನೀರಿನ ಜೊತೆ ಒಂದು ಕೆಂಪು ಚಿಪ್ಸ್ ಪೊಟ್ಟಣ ತೇಲಿಕೊಂಡು ಬಂತು. ಹೆಂಗಸು ಅದನ್ನು ನೋಡಿ ವರ್ನೆಲ್‌ಳ ಮುಖ ನೋಡಿದಳು. ವರ್ನೆಲ್‌ಳ ಕೈ ಪೊರಕೆಯನ್ನು ಅರ್ಧ ಎತ್ತಿ ಮತ್ತೆ ಇಳಿಸಿತು.

ಪೊಟ್ಟಣ ಕಟ್ಟೆಯ ಬಾಯಿಗೆ ಬಂದು ಒಂದು ಸುತ್ತು ತಿರುಗಿ ನೀರಿನ ಜೊತೆ ಒಳಗೆ ಹೋಯಿತು. ಹೆಂಗಸು ಕಾಗದದ ಮೇಲೆ ಏನೋ ಬರೆದುಕೊಂಡಳು. ವರ್ನೆಲ್ ಅತ್ತ ಇಣುಕಲಿಲ್ಲ. ಪೊರಕೆಯ ಹಿಡಿಗೆ ಗಲ್ಲ ಊರಿ, ನೀರು ಹುಲ್ಲಿನ ಬುಡದಲ್ಲಿ ಇಳಿಯುವುದನ್ನೇ ನೋಡುತ್ತ ನಿಂತಳು.